ಮದುವೆಯಾದ ಮೇಲೆ ಏನಾಯ್ತು?



ನಮ್ಮ ಮನೆ ಇರುವುದು ಎಂಬಕಸಿಯಲ್ಲಿ, ವಿಮಾನ ನಿಲ್ದಾಣದ ಮಗ್ಗುಲಲ್ಲೇ. ಒಂದು ಸಂಜೆ ಕರೆಂಟು ಹೋಯಿತು (ಇಲ್ಲಿಯವರ ಮಾತಿನಲ್ಲಿ 'ಸ್ಟೀಮಾ' ಹೋಯಿತು!). ಹನ್ನೆರಡು ವರ್ಷದ ಮಗಳು ಓದುತ್ತಿದ್ದ ಪುಸ್ತಕ ಮುಚ್ಚಿ, "ಅಪ್ಪಾ, ಇಂಥ ಕಥೆ ಕನ್ನಡದಲ್ಲೂ ಇದೆಯಾ?" ಎಂದು ಕೇಳಿದಳು.

ಅವಳ ಕೈಲಿದ್ದದ್ದು ಮೆಲನಿ ಡಿಕರ್ಸನ್ ಅವರ 'ದಿ ಮರ್ಚೆಂಟ್ಸ್ ಡಾಟರ್' (2011). ಹಳೆಯ ಕಿನ್ನರಿ ಕಥೆಗಳನ್ನು ಐತಿಹಾಸಿಕ ಪ್ರೇಮ ಕಾದಂಬರಿಗಳಾಗಿ ಬರೆಯುವ ಪದ್ಧತಿ ಇಂಗ್ಲಿಷಿನಲ್ಲಿ ಜೋರಾಗಿದೆ. ಇವುಗಳಲ್ಲಿ ಕೆಲವಕ್ಕೆ 'ಕ್ಲೀನ್' ಎಂಬ ವಿಶೇಷಣ. ಪ್ರೇಮ ಉಂಟು, ಮನೆಮಂದಿಯೆದುರು ಓದಲು ಮುಜುಗರಪಡುವಂಥದ್ದು ಇಲ್ಲ ಎಂದರ್ಥ.

ಇವನ್ನು ಬರೆಯುವುದು ಹೇಗೆ?

ಎರಡು ಹೆಜ್ಜೆ. ಮೊದಲನೆಯದು, "ಒಂದಾನೊಂದು ಕಾಲದಲ್ಲಿ" ಎಂಬುದನ್ನು ಅಳಿಸಿ ನಿಜವಾದ ಕಾಲ, ದೇಶ ಕೊಡುವುದು. ಎರಡನೆಯದು, ಮಾಯೆಯನ್ನು ತೆಗೆದು ಆ ಜಾಗದಲ್ಲಿ ಮನುಷ್ಯ ಸಹಜ ಕಾರಣ ಇಡುವುದು. ಮಗಳ ಪುಸ್ತಕ 'ಬ್ಯೂಟಿ ಅಂಡ್ ದ ಬೀಸ್ಟ್' ಕಥೆಯದೇ ರೂಪ. ಆದರೆ ನಡೆಯುವುದು 14ನೇ ಶತಮಾನದ ಇಂಗ್ಲೆಂಡಿನಲ್ಲಿ. ಶಾಪದಿಂದ ಮೃಗವಾದ ರಾಜಕುಮಾರ ಇಲ್ಲಿಲ್ಲ. ತೋಳ ಕಚ್ಚಿ ಮುಖ ವಿಕಾರವಾದ ಒಬ್ಬ ಜಮೀನ್ದಾರ, ಅವನ ಮನೆಯಲ್ಲಿ ದುಡಿದು ಮನೆಯವರ ಬಾಕಿ ತೀರಿಸುವ ಹುಡುಗಿ, ಇಷ್ಟೇ.

ನಮ್ಮ ಕಥೆ

ಮಗಳಿಗೆ ನಾನು ಅಜ್ಜಿ ಹೇಳುತ್ತಿದ್ದ ಹೂವಿನ ಮರದ ಕಥೆ ಹೇಳಿದೆ. ಬಡ ತಾಯಿಯ ಕಿರಿಯ ಮಗಳು. ಒಂದು ಬಿಂದಿಗೆ ನೀರು ಮೈಮೇಲೆ ಹುಯ್ದರೆ ಹೂ ತುಂಬಿದ ಮರವಾಗುತ್ತಾಳೆ, ಇನ್ನೊಂದು ಹುಯ್ದರೆ ಮತ್ತೆ ಹುಡುಗಿ. ಹೂವನ್ನು ಉಗುರು ಸೋಕದಂತೆ ಬಿಡಿಸಬೇಕು. ಇದನ್ನು ಕದ್ದು ನೋಡಿದ ರಾಜಕುಮಾರ ಅವಳನ್ನು ಮದುವೆಯಾದ. ಅಲ್ಲಿಗೆ ಮುಗಿಸಿದೆ.

"ಮದುವೆಯಾದ ಮೇಲೆ ಏನಾಯ್ತು?"

ನನಗೆ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ನಾನು ನಿದ್ದೆ ಹೋಗುತ್ತಿದ್ದದ್ದೇ ಅಲ್ಲಿಗೆ! ಅಜ್ಜಿ ಈಗಿಲ್ಲ. ಭಾನುವಾರ ಊರಿಗೆ ಫೋನು ಮಾಡಿ ಅಮ್ಮನನ್ನು ಕೇಳಿದೆ. "ಮದುವೆಗೇ ನಿಲ್ಲಿಸ್ಬಿಟ್ಯಾ? ಕಥೆ ಶುರುವಾಗೋದೇ ಅಲ್ಲಿ ಕಣೋ!" ಎಂದು ನಕ್ಕರು.

ಮದುವೆಯಾದ ಮೇಲೆ ನಾದಿನಿ, ತನ್ನ ಗೆಳತಿಯರ ಮುಂದೆ ಮರವಾಗು ಎಂದು ಹಟ ಹಿಡಿಯುತ್ತಾಳೆ. ಅವರು ಕೊಂಬೆ ಮುರಿದು ಹೂ ಕಿತ್ತು, ಅರ್ಧಂಬರ್ಧ ನೀರು ಹುಯ್ದು ಓಡಿಹೋಗುತ್ತಾರೆ. ಹುಡುಗಿ ಕೈಕಾಲಿಲ್ಲದೆ ಉಳಿಯುತ್ತಾಳೆ. ಗಂಡ ಬೈರಾಗಿಯಾಗಿ ಊರೂರು ಅಲೆಯುತ್ತಾನೆ. ಕೊನೆಗೆ ಅವಳನ್ನು ಗುರುತಿಸಿ, ನೀರು ಹುಯ್ದು ಮರವಾಗಿಸಿ, ಮುರಿದ ಕೊಂಬೆಗಳನ್ನು ಒಂದೊಂದಾಗಿ ಜೋಡಿಸಿ, ಮತ್ತೆ ನೀರು ಹುಯ್ಯುತ್ತಾನೆ. ಹುಡುಗಿ ಇಡಿಯಾಗಿ ಏಳುತ್ತಾಳೆ.

ಈ ಕಥೆಯನ್ನು ಸಂಗ್ರಹಿಸಿ ಇಂಗ್ಲಿಷಿಗೆ ತಂದವರು ಮೈಸೂರಿನಲ್ಲಿ ಹುಟ್ಟಿ ಶಿಕಾಗೋದಲ್ಲಿ ಪಾಠ ಹೇಳಿದ ಎ.ಕೆ. ರಾಮಾನುಜನ್. ಅವರು 1993ರಲ್ಲಿ ತೀರಿಕೊಂಡರು. ಅವರು ಅನುವಾದಿಸಿದ 77 ಕನ್ನಡ ಜನಪದ ಕಥೆಗಳು 1997ರಲ್ಲಿ ಇದೇ ಕಥೆಯ ಹೆಸರಿನಲ್ಲಿ ಪುಸ್ತಕವಾಗಿ ಬಂದವು. ಗಿರೀಶ್ ಕಾರ್ನಾಡರು 1992ರಲ್ಲಿ ಇದನ್ನು 'ಚೆಲುವಿ' ಎಂಬ ಚಿತ್ರ ಮಾಡಿದರು. 2006ರಲ್ಲಿ ಅಮೆರಿಕದ ಜಾನ್ ಆಡಮ್ಸ್ ಇದನ್ನೇ ಆಪೆರಾ ಮಾಡಿ ವಿಯೆನ್ನಾದಲ್ಲಿ ಆಡಿಸಿದರು. ನಮ್ಮ ಅಜ್ಜಿಯರ ಕಥೆ ಎಲ್ಲಿಂದೆಲ್ಲಿಗೆ ಹೋಯಿತು ನೋಡಿ!

ರಾಮಾನುಜನ್ ಬರೆದು ತೋರಿಸಿದ 'ಹಂಚಿ' ನಮ್ಮ ಸಿಂಡರೆಲ್ಲಾ. ಮಣ್ಣಿನ ಮುಖವಾಡದ ಹಿಂದೆ ರೂಪ ಮುಚ್ಚಿಕೊಂಡು ಸಾಹುಕಾರರ ಮನೆಯಲ್ಲಿ ದುಡಿಯುವ ಹುಡುಗಿ. ಅವಳಿಗೂ ಸುಳ್ಳು ಆರೋಪ ಬರುವುದು ಮದುವೆಯ ನಂತರವೇ. ರಾಮಾನುಜನ್ ಹೇಳಿದ ಕಥೆಗಳಿಂದಲೇ ಕಾರ್ನಾಡರು ಬರೆದ 'ನಾಗಮಂಡಲ'ದ (1988) ರಾಣಿಯ ಪಾಡೂ ಇದೇ.

ಕತ್ತರಿ ಹಾಕಿದವರು ಯಾರು?

ಯೂರೋಪಿನವರಿಗೂ ಈ ಉತ್ತರಾರ್ಧ ಗೊತ್ತಿತ್ತು. 1697ರಲ್ಲಿ ಪೆರೋ ಬರೆದ 'ಸ್ಲೀಪಿಂಗ್ ಬ್ಯೂಟಿ'ಯಲ್ಲಿ ಮದುವೆಯ ನಂತರ ಸೊಸೆ, ಮೊಮ್ಮಕ್ಕಳನ್ನೇ ತಿನ್ನಲು ಹೊರಟ ರಾಕ್ಷಸಿ ಅತ್ತೆ ಬರುತ್ತಾಳೆ. 1812ರ ಗ್ರಿಮ್ ಸಹೋದರರ ಕಥೆ ಮದುವೆಗೇ ಮುಗಿಯುತ್ತದೆ. ಇಂದಿನ ಬಹುಪಾಲು ಪ್ರೇಮ ಕಾದಂಬರಿಗಳೂ ಅದೇ ಹೊಸಿಲಲ್ಲಿ ನಿಲ್ಲುತ್ತವೆ.

ಇದನ್ನೆಲ್ಲ ಮಗಳಿಗೆ ವಿವರಿಸುತ್ತಿದ್ದಾಗ ನನ್ನವಳು ಅಡುಗೆಮನೆಯಿಂದಲೇ, "ನನ್ನ ಕಥೆಯೂ ಮದುವೆಯಾದ ಮೇಲೇ ಶುರುವಾಗಿದ್ದು" ಎಂದಳು. ಮದುವೆಯಾಗಿ ನನ್ನ ಜೊತೆ ನೈರೋಬಿಗೆ ಬರಲು ಅವಳು ಬ್ಯಾಂಕಿನ ಕೆಲಸ ಬಿಟ್ಟಿದ್ದಳು. ಇಷ್ಟು ವರ್ಷ ನಾನು ಅದನ್ನು ಕಥೆಯೆಂದೇ ಎಣಿಸಿರಲಿಲ್ಲ. ಮಗಳು ಅಮ್ಮನನ್ನೇ ನೋಡುತ್ತಿದ್ದಳು. ನಾನು ಸುಮ್ಮನಾದೆ.

ಮನೆಪಾಠ

ಮಕ್ಕಳೇ, ಪರ್ಷಿಯಾದ ಅಬ್ದುರ್ ರಜಾಕ್ 1443ರಲ್ಲಿ ವಿಜಯನಗರಕ್ಕೆ ಬಂದಾಗ, ಇಲ್ಲಿನ ಜನ ಗುಲಾಬಿಯಿಲ್ಲದೆ ಬದುಕಲಾರರು ಎಂಬಂತೆ ಬರೆದಿದ್ದಾನೆ. ಹೂವಿನ ಹುಡುಗಿಯನ್ನು ಆ ಪೇಟೆಗೆ ಕಳಿಸಿ. ಮಾಯೆ ತೆಗೆದರೆ ಅವಳ 'ಮರ' ಏನಾದೀತು? 'ಕೊಂಬೆ' ಮುರಿದವರು ಯಾರು? ಎರಡು ಪುಟ ಕನ್ನಡದಲ್ಲಿ ಬರೆಯಿರಿ.

ದೊಡ್ಡವರಿಗೆ ಒಂದೇ ಮಾತು. ಕಥೆ ಹೇಳುವಾಗ ಮದುವೆಗೆ ನಿಲ್ಲಿಸಬೇಡಿ. ಮುಂದಿನದು ಮರೆತಿದ್ದರೆ ಈ ಭಾನುವಾರವೇ ಊರಿಗೆ ಫೋನು ಮಾಡಿ. ಹೇಳುವವರು ಇರುವಾಗಲೇ ಕೇಳಿಬಿಡೋಣ. ಏನಂತೀರಿ?