ಹಾಳೆಗೊಂದು, ಕಿವಿಗೊಂದು: ಸ್ವರಲಿಪಿಯಿಂದ ಮಿಡಿ ಫೈಲ್

ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಸ್ವಾಗತ ಗೀತೆಯನ್ನು ವಾದ್ಯಗಳಿಲ್ಲದೆ ಬರೀ ಕಂಠದಿಂದ ಹಾಡುವುದು ರೂಢಿ. ಈ ಸಲದ ಹಾಡಿಗೆ ಎರಡು ಧ್ವನಿಗಳಿದ್ದವು. ಒಂದು ಗುಂಪು ಮುಖ್ಯ ಧಾಟಿಯನ್ನು ಹಾಡುವಾಗ ಇನ್ನೊಂದು ಗುಂಪು ಅದರ ಕೆಳಗಿನ ಸ್ವರಗಳಲ್ಲಿ ಜೊತೆಗೂಡಬೇಕು. ಎರಡನೆಯ ಗುಂಪಿನ ಹೆಚ್ಚಿನವರು ದೂರದ ಹಳ್ಳಿಗಳಿಂದ ಬರುವವರು. ತರಗತಿ ಮುಗಿದ ಕೂಡಲೇ ಬಸ್ಸು ಹಿಡಿಯಬೇಕು, ಅಭ್ಯಾಸಕ್ಕೆ ನಿಲ್ಲುವಂತಿಲ್ಲ. "ಮನೆಯಲ್ಲಿ ಕೇಳಿ ಕಲಿಯಲು ಏನಾದರೂ ಮಾಡಿಕೊಡು" ಎಂದು ಅವರು ನನ್ನನ್ನು ಕೇಳಿದರು.

ಹಾಡಿನ ಸ್ವರಲಿಪಿಯನ್ನು ನಾನು ಆಗಲೇ ಲಿಲಿಪಾಂಡ್ ಎಂಬ ಉಚಿತ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದೆ. ಇದರಲ್ಲಿ ಪ್ರೋಗ್ರಾಂ ಬರೆಯುವ ಹಾಗೆ ಸ್ವರಗಳನ್ನು ಅಕ್ಷರಗಳಲ್ಲಿ ಬರೆಯುತ್ತೇವೆ. ಲೇಔಟ್ ಎಂಬ ಭಾಗ ಸೇರಿಸಿದರೆ ಮುದ್ರಿಸುವ ಹಾಳೆ ಸಿಗುತ್ತದೆ, ಮಿಡಿ ಎಂಬ ಭಾಗ ಸೇರಿಸಿದರೆ ಕೇಳುವ ಫೈಲ್ ಸಿಗುತ್ತದೆ. ಮಿಡಿ ಭಾಗ ಸೇರಿಸಿ, ಬಂದ ಫೈಲನ್ನು ಎಲ್ಲರಿಗೂ ಕಳುಹಿಸಿಬಿಟ್ಟೆ. ಮೂರು ದಿನ ಕಳೆದು ಎಲ್ಲರೂ ಒಟ್ಟಿಗೆ ಹಾಡಿದಾಗ ಎರಡನೆಯ ಗುಂಪು ಮೊದಲ ಚರಣಕ್ಕೇ ನಿಂತಿತು. ತಪ್ಪು ಅವರದಲ್ಲ, ನನ್ನದು. ಅದನ್ನು ತಿದ್ದುವಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಿಡಿ ಎಂದರೇನು?

ಮಿಡಿ ಫೈಲಿನಲ್ಲಿ ಧ್ವನಿ ಇರುವುದಿಲ್ಲ, ಆಜ್ಞೆಗಳಿರುತ್ತವೆ. ಈ ಪದ್ಧತಿ ಬಳಕೆಗೆ ಬಂದದ್ದು 1983ರಲ್ಲಿ. ಒಂದು ಸ್ವರವನ್ನು ಆರಂಭಿಸುವ ಸಂದೇಶಕ್ಕೆ ಮೂರು ಬೈಟ್ ಸಾಕು. ಉದಾಹರಣೆಗೆ 144, 60, 80. ಇಲ್ಲಿ 144 ಎಂದರೆ ಒಂದನೆಯ ಚಾನೆಲ್‌ನಲ್ಲಿ ಸ್ವರ ಆರಂಭಿಸು, 60 ಎಂದರೆ ಪಿಯಾನೋದ ನಡುವಿನ ಸಿ ಸ್ವರ, 80 ಎಂದರೆ ಒತ್ತಡ. ಸ್ವರದ ಸಂಖ್ಯೆ, ಒತ್ತಡ ಎರಡೂ 0ರಿಂದ 127ರೊಳಗೇ ಇರಬೇಕು. ಏಕೆಂದರೆ ಬೈಟ್‌ನ ಎಂಟು ಬಿಟ್‌ಗಳಲ್ಲಿ ಮೊದಲನೆಯದು ಇದು ಆಜ್ಞೆಯೋ ಮಾಹಿತಿಯೋ ಎಂದು ಗುರುತಿಸಲು ಮೀಸಲು. ಉಳಿದ ಏಳು ಬಿಟ್‌ಗಳಲ್ಲಿ 128 ಸಂಖ್ಯೆಗಳು ಮಾತ್ರ ಹಿಡಿಸುತ್ತವೆ.

ಸಿಡಿ ಗುಣಮಟ್ಟದ ಧ್ವನಿಗೆ ಒಂದು ಸೆಕೆಂಡಿಗೆ 1,76,400 ಬೈಟ್ ಬೇಕು. 2 ನಿಮಿಷ 40 ಸೆಕೆಂಡಿನ ಹಾಡಿಗೆ ಸುಮಾರು 28 ಮೆಗಾಬೈಟ್ ಆಯಿತು. ಅದೇ ಹಾಡಿನ ಮಿಡಿ ಫೈಲ್ ಕೆಲವೇ ಕಿಲೋಬೈಟ್.

ಪುನರಾವರ್ತನೆ

ನಮ್ಮ ಹಾಡಿನ ಪಲ್ಲವಿಗೆ 64 ಎಣಿಕೆ, ಚರಣಕ್ಕೆ 64 ಎಣಿಕೆ. ಎರಡು ಚರಣಗಳಿಗೂ ಒಂದೇ ಧಾಟಿ. ಹಾಗಾಗಿ ಹಾಳೆಯಲ್ಲಿ ಧಾಟಿಯನ್ನು ಒಮ್ಮೆ ಬರೆದು ಪುನರಾವರ್ತನೆಯ ಗುರುತು ಹಾಕಿದ್ದೆ. ಹಾಡುವವರು ಆ ಗುರುತು ನೋಡಿ ಹಿಂದಕ್ಕೆ ಹೋಗುತ್ತಾರೆ. ಲಿಲಿಪಾಂಡ್ ಮಾತ್ರ ಮಿಡಿ ಮಾಡುವಾಗ, ನಾವು ಹೇಳದಿದ್ದರೆ, ಹಿಂದಕ್ಕೆ ಹೋಗುವುದಿಲ್ಲ. ಅನ್‌ಫೋಲ್ಡ್ ರಿಪೀಟ್ಸ್ ಎಂಬ ಆಜ್ಞೆ ಕೊಟ್ಟರೆ ಪುನರಾವರ್ತನೆಯನ್ನು ಬಿಡಿಸಿ ಎರಡು ಸಲ ನುಡಿಸುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿದ್ದರೆ ತಪ್ಪು ಅಂದೇ ಸಿಕ್ಕುತ್ತಿತ್ತು. ಒಟ್ಟು 192 ಎಣಿಕೆ, ನಿಮಿಷಕ್ಕೆ 72ರ ವೇಗ. 192ನ್ನು 72ರಿಂದ ಭಾಗಿಸಿದರೆ 2 ನಿಮಿಷ 40 ಸೆಕೆಂಡ್. ನನ್ನ ಫೈಲ್ ಇದ್ದದ್ದು 1 ನಿಮಿಷ 47 ಸೆಕೆಂಡ್, ಅಂದರೆ 128 ಎಣಿಕೆ ಮಾತ್ರ. ಫೈಲ್ ಕಳುಹಿಸುವ ಮೊದಲು ಅದರ ಅವಧಿಯನ್ನು ಲೆಕ್ಕ ಹಾಕಿ ನೋಡುವುದನ್ನು ಈಗ ನಾನು ಬಿಡುವುದಿಲ್ಲ.

ವೇಗ ಮತ್ತು ವಾದ್ಯ

ವೇದಿಕೆಯ ಮೇಲೆ ಹಾಡಿನ ವೇಗ 96. ಕಲಿಯುವವರಿಗೆ 72 ಸಾಕು. ಮಿಡಿಯಲ್ಲಿ ವೇಗ ತಗ್ಗಿಸಿದರೆ ಶ್ರುತಿ ಇಳಿಯುವುದಿಲ್ಲ. ಆಜ್ಞೆಗಳ ನಡುವಿನ ಸಮಯ ಹೆಚ್ಚುತ್ತದೆ, ಅಷ್ಟೆ.

ವಾದ್ಯವನ್ನು ಹೇಳದಿದ್ದರೆ ಪಿಯಾನೋ ನುಡಿಯುತ್ತದೆ. ಪಿಯಾನೋದ ಸ್ವರ ಒತ್ತಿದ ಮೇಲೆ ಕ್ಷೀಣಿಸುತ್ತಾ ಹೋಗುವುದರಿಂದ, ಅದನ್ನು ಕೇಳಿ ಕಲಿತವರು ಉದ್ದದ ಸ್ವರಗಳನ್ನು ಬೇಗ ಬಿಟ್ಟುಬಿಡುತ್ತಿದ್ದರು. ಮಿಡಿ ಇನ್‌ಸ್ಟ್ರುಮೆಂಟ್ ಎಂಬಲ್ಲಿ ಕೊಳಲು ಎಂದು ಬದಲಿಸಿದೆ. ಸ್ವರ ಕೊನೆಯವರೆಗೂ ನಿಂತಿತು. 1991ರ ಜನರಲ್ ಮಿಡಿ ಪಟ್ಟಿಯಲ್ಲಿ ಇಂತಹ 128 ವಾದ್ಯಗಳಿವೆ. ಕೊಳಲಿನದು 74ನೆಯ ಸ್ಥಾನ.

ಎರಡು ಧ್ವನಿಗಳನ್ನು ಬೇರ್ಪಡಿಸುವುದು

ಕಾಗದ ಉಳಿಸಲು ಎರಡೂ ಧ್ವನಿಗಳನ್ನು ಒಂದೇ ಐದು ಗೆರೆಗಳ ಸಾಲಿನಲ್ಲಿ ಬರೆದಿದ್ದೆ. ಲಿಲಿಪಾಂಡ್ ಸಾಮಾನ್ಯವಾಗಿ ಒಂದು ಸಾಲಿಗೆ ಒಂದು ಚಾನೆಲ್ ಕೊಡುತ್ತದೆ. ವಾದ್ಯದ ಆಯ್ಕೆ, ಎಡಬಲದ ಸ್ಥಾನ ಇವೆಲ್ಲ ಇಡೀ ಚಾನೆಲ್‌ಗೆ ಅನ್ವಯಿಸುವುದರಿಂದ ಒಂದೇ ಸಾಲಿನ ಎರಡು ಧ್ವನಿಗಳನ್ನು ಬೇರ್ಪಡಿಸಲು ಆಗಲಿಲ್ಲ. ಕೇಳುವ ಫೈಲಿಗಾಗಿ ಪ್ರತಿ ಧ್ವನಿಗೂ ಪ್ರತ್ಯೇಕ ಸಾಲು ಮಾಡಿದೆ. ಮಿಡಿಯಲ್ಲಿ ಇರುವುದು 16 ಚಾನೆಲ್‌ಗಳು. ಜನರಲ್ ಮಿಡಿಯಲ್ಲಿ 10ನೆಯದು ತಾಳವಾದ್ಯಗಳಿಗೆ ಮೀಸಲು. ನಮಗೆ ಬೇಕಾದದ್ದು ಎರಡೇ.

ಆಮೇಲೆ ಮಿಡಿ ಪ್ಯಾನ್ ಪೊಸಿಷನ್‌ನಲ್ಲಿ ಮುಖ್ಯ ಧಾಟಿಗೆ -1, ಎರಡನೆಯ ಧ್ವನಿಗೆ 1 ಕೊಟ್ಟೆ. ಇಯರ್‌ಫೋನ್ ಹಾಕಿದರೆ ಎಡಗಿವಿಗೆ ಧಾಟಿ, ಬಲಗಿವಿಗೆ ಜೊತೆಸ್ವರ. ಸದ್ದಿನ ಮಿತಿಯನ್ನು ಮಿಡಿ ಮಿನಿಮಮ್ ವಾಲ್ಯೂಮ್, ಮಿಡಿ ಮ್ಯಾಕ್ಸಿಮಮ್ ವಾಲ್ಯೂಮ್ ಎಂಬ ಎರಡು ಗುಣಗಳು ನಿಯಂತ್ರಿಸುತ್ತವೆ. ಎರಡನೆಯ ಧ್ವನಿಗೆ 0.7ರಿಂದ 0.9, ಮುಖ್ಯ ಧಾಟಿಗೆ 0.2ರಿಂದ 0.4 ಇಟ್ಟೆ. ಇಲ್ಲಿ ಒಂದು ಎಚ್ಚರಿಕೆ: ಈ ಮಿತಿಗಳು ಕೆಲಸ ಮಾಡುವುದು ಧ್ವನಿಯ ಆರಂಭದಲ್ಲಿ ಮತ್ತು ಮೆಲ್ಲಗೆ, ಜೋರಾಗಿ ಎಂದು ಸೂಚಿಸುವ ಗುರುತುಗಳಿರುವಲ್ಲಿ ಮಾತ್ರ. ನಡುವೆ ಎಲ್ಲೋ ಬರೆದು, ಏನೂ ಬದಲಾಗಲಿಲ್ಲವಲ್ಲ ಎಂದು ನಾನು ಒಂದು ಸಂಜೆ ಕಳೆದೆ.

ಎಲ್ಲ ಫೋನ್‌ಗಳಲ್ಲಿ ಮಿಡಿ ನೇರವಾಗಿ ತೆರೆಯುವುದಿಲ್ಲ. ಫ್ಲೂಯಿಡ್‌ಸಿಂತ್ ಎಂಬ ಉಚಿತ ತಂತ್ರಾಂಶದಿಂದ ಅದನ್ನು ಧ್ವನಿ ಫೈಲಾಗಿ ಪರಿವರ್ತಿಸಿ, ಎಂಪಿ3 ಮಾಡಿ ಕಳುಹಿಸಿದೆ.

ಮುಖ್ಯ ಪಾಠ

ಈಗ ನನ್ನ ಕಡತದಲ್ಲಿ ಸ್ವರಗಳನ್ನು ಬರೆದಿರುವುದು ಒಮ್ಮೆ ಮಾತ್ರ. ಅವುಗಳನ್ನು ಬಳಸುವ ಸ್ಕೋರ್ ಭಾಗಗಳು ಎರಡು. ಒಂದರಲ್ಲಿ ಲೇಔಟ್ ಇದೆ, ಅದು ಹಾಳೆಗೆ. ಇನ್ನೊಂದರಲ್ಲಿ ಮಿಡಿ ಇದೆ, ಅದು ಕಿವಿಗೆ. ಸ್ವರ ತಪ್ಪಿದ್ದರೆ ಒಂದೇ ಕಡೆ ತಿದ್ದಿದರೆ ಸಾಕು, ಎರಡೂ ಸರಿಯಾಗುತ್ತವೆ. ಹಾಳೆಯನ್ನು ಓದುವ ಮನುಷ್ಯ ಬರೆಯದೆ ಬಿಟ್ಟದ್ದನ್ನೂ ಊಹಿಸಿಕೊಳ್ಳುತ್ತಾನೆ. ಯಂತ್ರ ಹಾಗೆ ಊಹಿಸದು, ಅದಕ್ಕೆ ಎಲ್ಲವನ್ನೂ ಬಿಡಿಸಿ ಹೇಳಬೇಕು.

ಹೊಸ ಫೈಲ್ ಕಳುಹಿಸಿ ಒಂದು ವಾರದ ಬಳಿಕ ಮತ್ತೆ ಒಟ್ಟಿಗೆ ಹಾಡಿದೆವು. ಎರಡನೆಯ ಚರಣಕ್ಕೆ ಯಾರೂ ನಿಲ್ಲಲಿಲ್ಲ. ಬಸ್ಸಿನಲ್ಲೂ ಕೇಳುತ್ತಾ ಬಂದೆವು ಎಂದು ಗೆಳತಿಯರು ಹೇಳಿದರು. ವೇದಿಕೆಯ ಮೇಲೆ ಯಾವ ಯಂತ್ರವೂ ಇರಲಿಲ್ಲ, ನಮ್ಮ ಕಂಠಗಳು ಮಾತ್ರ. ಲಿಲಿಪಾಂಡ್‌ಗೆ ಹಣ ಕೊಡಬೇಕಿಲ್ಲ. ಲ್ಯಾಬಿನಲ್ಲಿ ಬಿಡುವಿದ್ದಾಗ ನಾಲ್ಕು ಸ್ವರ ಬರೆದು ನೀವೂ ಕೇಳಿ ನೋಡಿ. ಆದರೆ ಬೇರೆಯವರಿಗೆ ಕಳುಹಿಸುವ ಮೊದಲು ಕೊನೆಯವರೆಗೂ ಒಮ್ಮೆ ಕೇಳಿ.