ಹಳೆಯ ಜೀಪಿನ ಕ್ಲಚ್ ಬೇರಿಂಗ್

ಎಂಜಿನ್ ಓಡುತ್ತಿರುವಾಗ ಕ್ಲಚ್ ಒತ್ತಿದರೆ ಕರಕರ ಸದ್ದು ಬಂದು, ಬಿಟ್ಟೊಡನೆ ನಿಂತರೆ ರಿಲೀಸ್ ಬೇರಿಂಗ್ ಸವೆದಿರುವ ಸಂಭವ ಹೆಚ್ಚು. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗಲೇ ಸದ್ದಿದ್ದರೆ ದೋಷ ಗೇರ್‌ಬಾಕ್ಸಿನಲ್ಲಿರಬಹುದು. ಅಲಕ್ಷಿಸಿದರೆ ಅಡಿಕೆ ಮೂಟೆ ಹೇರಿದ ಜೀಪು ಗೇರಿಗೆ ಬೀಳದೆ ಏರಿನ ನಡುವೆ ನಿಂತೀತು.

ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು. ಸಮನೆಲದಲ್ಲಿ ಚಕ್ರಗಳಿಗೆ ಅಡೆ ಕೊಟ್ಟು, ಬ್ಯಾಟರಿ ತಂತಿ ಕಳಚಿ, ಗೇರ್‌ಬಾಕ್ಸಿಗೆ ಜಾಕ್ ಆಧಾರ ಕೊಡಿ. ಅದರ ಭಾರ ಕ್ಲಚ್ ಪ್ಲೇಟಿನ ಮೇಲೆ ಬಿದ್ದರೆ ಪ್ಲೇಟ್ ಸೊಟ್ಟಗಾಗುವುದು. ಇಳಿಸಿದ ಮೇಲೆ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟಿನ ಫಿಂಗರ್‌ಗಳನ್ನೂ ನೋಡಿ. ಮತ್ತೊಮ್ಮೆ ಇಳಿಸುವ ಕೂಲಿ ಉಳಿಯುತ್ತದೆ. ಹೊಸ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆಯಬೇಡಿ. ಒಳಗಿನ ಗ್ರೀಸ್ ಹೋಗುತ್ತದೆ. ಕೊನೆಗೆ ಪೆಡಲಿಗೆ ಸುಮಾರು 1 ಅಂಗುಲ ಸಡಿಲ ಬಿಡಿ.

ಓಡಿಸುವಾಗ ಕ್ಲಚ್ ಮೇಲೆ ಸದಾ ಕಾಲಿಟ್ಟಿರುವ ಅಭ್ಯಾಸ ಬಿಟ್ಟರೆ ಬೇರಿಂಗ್ ಬಹುಕಾಲ ಬಾಳುತ್ತದೆ.