ನಾಯಿಗಳಲ್ಲಿ ಆನುವಂಶಿಕ ಕುರುಡು
ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಮಹಡಿಮನೆಗಳಲ್ಲಿ ಸಣ್ಣ ತಳಿಯ ನಾಯಿಗಳನ್ನು ಸಾಕುವವರನ್ನು ನಾವು ಕಾಣುತ್ತೇವೆ. ಇಂಥ ತಳಿಗಳಲ್ಲೊಂದಾದ ಟಾಯ್ ಪೂಡಲ್ ನಾಯಿಗಳಲ್ಲಿ ಒಂದು ಆನುವಂಶಿಕ ನೇತ್ರರೋಗವುಂಟು. ಅಕ್ಷಿಪಟದ ಜೀವಕೋಶಗಳು ಕ್ರಮೇಣ ನಶಿಸಿ, ಮೊದಲು ಇರುಳುಗುರುಡು, ಕಡೆಗೆ ಪೂರ್ಣ ಕುರುಡು ಬರುತ್ತದೆ. ರೋಗವು ತೋರುವುದು ಪ್ರಾಯ ಬಂದ ಮೇಲೆ. ಅಷ್ಟರೊಳಗೆ ನಾಯಿಯು ಮರಿಗಳನ್ನು ಹಾಕಿರಲೂಬಹುದು.

ಇದಕ್ಕೆ ಕಾರಣವಾದ ಜೀನಿನ ದೋಷವನ್ನು ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದರು. ಪ್ರತಿ ನಾಯಿಯಲ್ಲಿಯೂ ಈ ಜೀನಿನ ಎರಡು ಪ್ರತಿಗಳಿವೆ: ತಂದೆಯಿಂದೊಂದು, ತಾಯಿಯಿಂದೊಂದು. ಎರಡೂ ಕೆಟ್ಟಿದ್ದರೆ ಮಾತ್ರ ರೋಗ. ಒಂದೇ ಕೆಟ್ಟಿದ್ದರೆ ನಾಯಿಯು ಕೇವಲ ವಾಹಕ. ಅದರ ದೃಷ್ಟಿಗೆ ಕುಂದಿಲ್ಲ. ಎರಡು ವಾಹಕಗಳು ಕೂಡಿದರೆ ಹುಟ್ಟುವ ಪ್ರತಿ ಮರಿಗೂ ರೋಗದ ಸಂಭವ ನಾಲ್ಕರಲ್ಲೊಂದು. ಆದ್ದರಿಂದ ಕಣ್ಣನ್ನು ನೋಡಿ ತೀರ್ಮಾನಿಸುವಂತಿಲ್ಲ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಉಜ್ಜಿ ತೆಗೆದ ಕೋಶಗಳ ಡಿ.ಎನ್.ಎ.ಯನ್ನು ಪರೀಕ್ಷಿಸಬೇಕು.

ಹಾಗಾದರೆ ವಾಹಕಗಳನ್ನೆಲ್ಲ ತಳಿಯಿಂದ ಹೊರಗಿಡಬೇಕೆ? ಬೇಕಿಲ್ಲ. ವಾಹಕವನ್ನು ನಿರ್ದೋಷಿಯಾದ ನಾಯಿಯೊಡನೆ ಕೂಡಿಸಿದರೆ ಮರಿಗಳಲ್ಲಿ ಸರಾಸರಿ ಅರ್ಧದಷ್ಟು ವಾಹಕಗಳಾದಾವು. ಯಾವುದಕ್ಕೂ ಈ ರೋಗ ಬಾರದು. ವಾಹಕಗಳನ್ನೆಲ್ಲ ತೊರೆದರೆ ತಳಿಯ ವೈವಿಧ್ಯವು ಕುಗ್ಗಿ, ಬೇರೆ ದೋಷಗಳು ತಲೆಯೆತ್ತಬಹುದು. ಮರಿಯನ್ನು ಕೊಳ್ಳುವಾಗ ನಾವು ಅದರ ಬಣ್ಣವನ್ನಷ್ಟೇ ನೋಡದೆ, ತಂದೆತಾಯಿಗಳ ಪರೀಕ್ಷೆಯ ಫಲವನ್ನೂ ಕೇಳಿ ತಿಳಿಯುವುದು ಒಳಿತು.